ಗಾಜನ್ನೂ ದುಡಿಮೆಯನ್ನೂ ಅಳೆದ ಅಬ್ಬೆ

ಅರ್ಧ ಶತಮಾನದ ಹಿಂದಿನ ಲೆನ್ಸನ್ನು ಇಂದಿನ ಡಿಜಿಟಲ್ ಕ್ಯಾಮರಾಕ್ಕೆ ತೊಡಿಸಿ ಚಿತ್ರ ತೆಗೆಯುವ ಹವ್ಯಾಸ ಈಗ ಅನೇಕ ಕಡೆ ಹರಡಿದೆ. ಹೊಸ ಲೆನ್ಸುಗಳ ಬೆಲೆ ವಿದ್ಯಾರ್ಥಿಗಳ ಕೈಗೆ ಎಟುಕುವಂಥದಲ್ಲ. ಆದರೆ ಫಿಲ್ಮ್ ಕ್ಯಾಮರಾಗಳೊಡನೆ ಬೀರುವಿನ ಮೂಲೆ ಸೇರಿದ ಹಳೆಯ ಲೆನ್ಸುಗಳು ಹಲವು ಮನೆಗಳಲ್ಲಿ ಇನ್ನೂ ಉಂಟು. ನನ್ನಲ್ಲಿರುವುದೂ ಅಂಥದೊಂದು. ಅದರ ಮುಂದಿನ ಉಂಗುರದ ಮೇಲೆ ಟೆಸಾರ್ ಎಂಬ ಹೆಸರು, 2.8/50 ಎಂಬ ಅಂಕಿಗಳು, ಕಾರ್ಲ್ ಜೈಸ್ ಯೇನಾ ಎಂಬ ಮುದ್ರೆ ಕೆತ್ತಲ್ಪಟ್ಟಿವೆ. ಈ ಯೇನಾ ಎಲ್ಲಿಯದು, ಗಾಜನ್ನು ಇಷ್ಟು ಚೆನ್ನಾಗಿ ಪಳಗಿಸುವ ವಿದ್ಯೆ ಅಲ್ಲಿಗೆ ಹೇಗೆ ಬಂತು ಎಂದು ತಿಳಿಯಹೊರಟಾಗ ನನಗೆ ದೊರೆತದ್ದು ಅರ್ನ್ಸ್ಟ್ ಅಬ್ಬೆಯ ಜೀವನಚರಿತ್ರೆ. ಅವನ ಹೆಸರು ಕನ್ನಡದ ಕಿವಿಗೆ ತಾಯಿ ಎಂದೇ ಕೇಳಿಸುತ್ತದೆ. ಚರಿತ್ರೆಯನ್ನು ಓದಿದ ಮೇಲೆ ಆ ಹೆಸರು ಅವನಿಗೆ ಒಪ್ಪುವಂಥದೇ ಎಂದು ನನಗೆ ತೋರಿತು.

ಹಳೆಯ ಲೆನ್ಸು ಹೊಸ ಕ್ಯಾಮರಾದಲ್ಲಿ ಕೂರುವ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಹಳೆಯ ಕ್ಯಾಮರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಕನ್ನಡಿಯಿತ್ತು. ಅದು ಏಳಲು ಬೀಳಲು ಎಡೆ ಬೇಕಾದ್ದರಿಂದ ಲೆನ್ಸಿನ ತಳವನ್ನು ಫಿಲ್ಮಿನಿಂದ ದೂರ ಇಡಬೇಕಾಗಿತ್ತು. 42 ಮಿಲಿಮೀಟರು ಅಗಲದ ತಿರುಪಿರುವ ನನ್ನ ಲೆನ್ಸಿನ ಜಾತಿಗೆ ಈ ದೂರ 45.46 ಮಿಲಿಮೀಟರು. ನಾನು ಬಳಸುವ ಸೋನಿ ಕ್ಯಾಮರಾದಲ್ಲಿ ಕನ್ನಡಿಯೇ ಇಲ್ಲ. ಆದುದರಿಂದ ಅಲ್ಲಿ ದೂರ 18 ಮಿಲಿಮೀಟರು ಮಾತ್ರ. ಮಿಕ್ಕ ಇಪ್ಪತ್ತೇಳೂವರೆ ಮಿಲಿಮೀಟರುಗಳನ್ನು ತುಂಬಲು ಅಡಾಪ್ಟರ್ ಎಂಬ ಲೋಹದ ಬಳೆಯೊಂದು ಸಾಕು. ಅದರೊಳಗೆ ಗಾಜಿಲ್ಲ, ಯಂತ್ರವಿಲ್ಲ, ಬರಿಯ ಬಯಲು. ಲೆನ್ಸಿಗೂ ಕ್ಯಾಮರಾಕ್ಕೂ ಮಾತುಕತೆ ಇಲ್ಲದ ಕಾರಣ, ಲೆನ್ಸು ಕಾಣದಿದ್ದರೂ ಚಿತ್ರ ತೆಗೆಯಬಹುದೆಂದು ಕ್ಯಾಮರಾಕ್ಕೆ ಮೊದಲೇ ಅಪ್ಪಣೆ ಕೊಟ್ಟಿರಬೇಕು. ಆಮೇಲೆ ಬೆಳಕಿನ ದ್ವಾರವನ್ನೂ ಫೋಕಸನ್ನೂ ಬೆರಳುಗಳಿಂದಲೇ ತಿರುಗಿಸಬೇಕು. ಪರದೆಯ ಮೇಲೆ ಚಿತ್ರದ ಒಂದು ಭಾಗವನ್ನು ಹಿಗ್ಗಿಸಿ ನೋಡುವ ಅನುಕೂಲ ಇರುವುದರಿಂದ, ಈ ಕೆಲಸ ಹಳೆಯ ಕ್ಯಾಮರಾದಲ್ಲಿದ್ದುದಕ್ಕಿಂತ ಈಗಲೇ ಸುಲಭ.

ಇನ್ನು ಅಬ್ಬೆಯ ವಿಷಯ. ಅವನು 1840ರ ಜನವರಿ 23ರಂದು ಜರ್ಮನಿಯ ಐಸೆನಾಖ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ನೂಲಿನ ಗಿರಣಿಯ ಕೆಲಸಗಾರ. ದಿನಕ್ಕೆ 14ರಿಂದ 16 ಗಂಟೆಗಳ ದುಡಿಮೆ, ನಡುವೆ ಬಿಡುವಿಲ್ಲ. ಬಾಲಕನಾದ ಅಬ್ಬೆಯೋ ಅವನ ತಂಗಿಯೋ ಮಧ್ಯಾಹ್ನದ ಊಟವನ್ನು ಒಯ್ದು ಕೊಟ್ಟರೆ, ತಂದೆ ಯಂತ್ರಕ್ಕೆ ಒರಗಿ ನಿಂತಂತೆಯೇ ಉಂಡು, ಪಾತ್ರೆಯನ್ನು ಮಕ್ಕಳ ಕೈಗಿತ್ತು ಮತ್ತೆ ಕೆಲಸಕ್ಕೆ ತಿರುಗುತ್ತಿದ್ದನು. ಈ ನೋಟವನ್ನು ಅಬ್ಬೆ ಮುದುಕನಾಗುವ ತನಕ ಮರೆಯಲಿಲ್ಲ.

ಗಿರಣಿಯ ಮಾಲೀಕರ ನೆರವಿನಿಂದ ಹುಡುಗನ ಓದು ಮುಂದುವರಿಯಿತು. ಯೇನಾದಲ್ಲಿಯೂ ಗ್ಯೋಟಿಂಗೆನ್ನಿನಲ್ಲಿಯೂ ಓದಿ 1861ರಲ್ಲಿ ಡಾಕ್ಟರೇಟ್ ಪಡೆದನು. 1863ರಲ್ಲಿ ಯೇನಾ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ ಮಾಡತೊಡಗಿದನು. ಆ ಊರಿನಲ್ಲಿ ಕಾರ್ಲ್ ಜೈಸ್ ಎಂಬಾತ ಸೂಕ್ಷ್ಮದರ್ಶಕಗಳನ್ನು ಮಾಡುತ್ತಿದ್ದನು. ಆ ಕಾಲದಲ್ಲಿ ಒಳ್ಳೆಯ ಲೆನ್ಸು ಕೈಗುಣದಿಂದ ಆಗುತ್ತಿತ್ತು. ಉಜ್ಜಿ ನೋಡುವುದು, ಸರಿಹೋಗದಿದ್ದರೆ ಮತ್ತೆ ಉಜ್ಜುವುದು, ಹತ್ತರಲ್ಲಿ ಒಂದು ಒದಗುವುದು. ಇದನ್ನು ಲೆಕ್ಕದಿಂದ ಮಾಡಲಾಗದೆ ಎಂಬ ಚಿಂತೆ ಹತ್ತಿದ ಜೈಸ್ 1866ರಲ್ಲಿ ಅಬ್ಬೆಯ ಸಹಾಯವನ್ನು ಬೇಡಿದನು.

ವಿಚಿತ್ರವೆಂದರೆ, ಲೆಕ್ಕ ಹಾಕಿ ಮಾಡಿದ ಮೊದಲ ಲೆನ್ಸುಗಳು ಅಂದಾಜಿನಿಂದ ಮಾಡಿದವುಗಳಿಗಿಂತ ಕೀಳಾದ ಚಿತ್ರ ಕೊಟ್ಟವು. ಅಬ್ಬೆ ಇದಕ್ಕೆ ಕಾರಣ ಹುಡುಕಿದನು. ದೋಷಗಳನ್ನು ತಪ್ಪಿಸಲೆಂದು ಬೆಳಕಿನ ದ್ವಾರವನ್ನು ಕಿರಿದು ಮಾಡಿದ್ದರಿಂದಲೇ ಸೂಕ್ಷ್ಮ ವಿವರಗಳು ಅಳಿಸಿಹೋಗಿದ್ದವು. ವಸ್ತುವಿನಿಂದ ಚದುರಿ ಬರುವ ಬೆಳಕನ್ನು ಲೆನ್ಸು ಎಷ್ಟು ಅಗಲವಾಗಿ ಹಿಡಿಯಬಲ್ಲುದೋ ಅಷ್ಟು ನವುರಾದ ವಿವರ ಕಾಣುತ್ತದೆ. ಬೆಳಕಿನ ಅಲೆಯ ಉದ್ದವೇ ಇದಕ್ಕೆ ಒಂದು ಗಡಿಯನ್ನು ಹಾಕಿದೆ. 1873ರಲ್ಲಿ ಪ್ರಕಟವಾದ ಈ ಸಿದ್ಧಾಂತ ಇಂದಿಗೂ ಭೌತಶಾಸ್ತ್ರದ ಪಠ್ಯಗಳಲ್ಲಿದೆ.

ಈ ಮಾತನ್ನು ದೇವರಾಜ ಮೊಹಲ್ಲಾದಲ್ಲಿಯೇ ಪರೀಕ್ಷಿಸಬಹುದು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಕಟ್ಟಿಟ್ಟ ಮಲ್ಲಿಗೆಯ ಮಾಲೆಯೊಂದನ್ನು ನಾನು ಟೆಸಾರಿನಿಂದ ಬೇರೆ ಬೇರೆ ದ್ವಾರಗಳಲ್ಲಿ ಹಿಡಿದೆ. 2.8ರಲ್ಲಿ ಹೂವಿನ ಅಂಚು ಮೃದು, ಹಿಂದಿನ ಕುಂಕುಮದ ರಾಶಿ ಕರಗಿದ ಬಣ್ಣ. 8ರಲ್ಲಿ ದಾರದ ಎಳೆಗಳನ್ನು ಎಣಿಸಬಹುದು. ದ್ವಾರವನ್ನು ಇನ್ನೂ ಕಿರಿದುಗೊಳಿಸಿ 22ಕ್ಕೆ ತಂದರೆ ಮುಂದಿನದೂ ಹಿಂದಿನದೂ ಫೋಕಸಿನಲ್ಲಿ ಬರುತ್ತವೆ, ಆದರೆ ಎಳೆಗಳು ಮತ್ತೆ ಮಂಕಾಗುತ್ತವೆ. ಅದು ಲೆನ್ಸಿನ ದೋಷವಲ್ಲ. ಕಿರಿದಾದ ದ್ವಾರದಲ್ಲಿ ಬೆಳಕು ಹರಡಿಕೊಳ್ಳುವುದರಿಂದ ಆಗುವ ಕೇಡು. ಅಬ್ಬೆಯನ್ನು ಮೊದಲು ಸೋಲಿಸಿದ್ದೂ ಇದೇ.

ಲೆಕ್ಕ ಸರಿಯಾದ ಮೇಲೆ ಗಾಜು ಸಾಲದೆ ಬಂತು. ಅಬ್ಬೆ ಬಯಸಿದ ಗುಣಗಳುಳ್ಳ ಗಾಜು ಆಗ ಎಲ್ಲಿಯೂ ಇರಲಿಲ್ಲ. 1879ರಲ್ಲಿ ಅವನಿಗೆ ಓಟೊ ಶಾಟ್ ಎಂಬ ರಸಾಯನ ಶಾಸ್ತ್ರಜ್ಞನ ಪರಿಚಯವಾಯಿತು. 1884ರಲ್ಲಿ ಯೇನಾದಲ್ಲಿ ಗಾಜಿನ ಕಾರ್ಖಾನೆ ಪ್ರಾರಂಭವಾಯಿತು. 1886ರಲ್ಲಿ, ಅಂದರೆ ನಮ್ಮ ಚಿಕ್ಕ ಗಡಿಯಾರ ಎದ್ದು ನಿಂತ ವರ್ಷದಲ್ಲಿಯೇ, ಬಣ್ಣಗಳ ಕಲಬೆರಕೆಯನ್ನು ಬಹುಮಟ್ಟಿಗೆ ತೊಡೆದ ಸೂಕ್ಷ್ಮದರ್ಶಕದ ಲೆನ್ಸು ಹೊರಬಂದಿತು. ಅದೇ ವರ್ಷ ಪಾಲ್ ರುಡಾಲ್ಫ್ ಎಂಬ ತರುಣನು ಅಬ್ಬೆಯ ಕೈಕೆಳಗೆ ಸೇರಿದನು. ಮುಂದೆ 1902ರಲ್ಲಿ ನಾಲ್ಕೇ ಮಸೂರಗಳ ಟೆಸಾರನ್ನು ರೂಪಿಸಿದ್ದು ಈ ರುಡಾಲ್ಫನೇ. ನನ್ನ ಲೆನ್ಸು ಅದರ ಸಂತತಿ.

ಇಷ್ಟೇ ಆಗಿದ್ದರೆ ಅಬ್ಬೆ ಒಬ್ಬ ದೊಡ್ಡ ವಿಜ್ಞಾನಿಯಾಗಿ ಉಳಿಯುತ್ತಿದ್ದನು. ಅವನು ಆಗಲೇ ಜೈಸನ ಪಾಲುದಾರನಾಗಿದ್ದನು. 1888ರಲ್ಲಿ ಜೈಸ್ ತೀರಿಕೊಂಡ ಮೇಲೆ ಕಾರ್ಖಾನೆಯ ಭಾರವೆಲ್ಲ ಅವನದಾಯಿತು, ಸಂಪತ್ತೂ ಕೂಡಿತು. ಈ ಸಂಪತ್ತು ಹಲವು ಕೈಗಳ ದುಡಿಮೆಯಿಂದಲೂ ವಿಶ್ವವಿದ್ಯಾನಿಲಯದ ವಿದ್ಯೆಯಿಂದಲೂ ಬಂದದ್ದು, ಒಬ್ಬನ ಸ್ವತ್ತಲ್ಲ ಎಂದು ಅವನು ಬಗೆದನು. 1889ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, 1891ರಲ್ಲಿ ತನ್ನ ಪಾಲನ್ನು ಅದಕ್ಕೆ ಒಪ್ಪಿಸಿದನು. ಅದಕ್ಕೆ ಇಟ್ಟದ್ದು ತನ್ನ ಹೆಸರನ್ನಲ್ಲ, ಜೈಸನ ಹೆಸರನ್ನು. 1896ರ ಅದರ ನಿಯಮಾವಳಿಯಲ್ಲಿ ಸಂಬಳಸಹಿತ ರಜೆ ಇತ್ತು, ನಿವೃತ್ತಿ ವೇತನವಿತ್ತು. ಜಾತಿ, ಮತ, ರಾಜಕೀಯ ಪಕ್ಷಗಳನ್ನು ನೋಡಿ ಕೆಲಸ ಕೊಡಬಾರದೆಂಬ ಕಟ್ಟಳೆಯಿತ್ತು. ಅತ್ಯುನ್ನತ ಅಧಿಕಾರಿಯ ವೇತನ ಸಾಮಾನ್ಯ ಕೆಲಸಗಾರರ ಸರಾಸರಿ ಗಳಿಕೆಯ ಹತ್ತು ಪಟ್ಟನ್ನು ಮೀರಕೂಡದೆಂದೂ ಗೊತ್ತುಮಾಡಲಾಗಿತ್ತು.

1900ರ ಏಪ್ರಿಲ್ ತಿಂಗಳಲ್ಲಿ ಅವನು ಕೆಲಸದ ದಿನವನ್ನು 9 ಗಂಟೆಗಳಿಂದ 8ಕ್ಕೆ ಇಳಿಸಿದನು. ಬರಿಯ ಕರುಣೆಯಿಂದ ಹೀಗೆ ಮಾಡಿ ಸುಮ್ಮನಾಗಲಿಲ್ಲ. ಬೆಳಕನ್ನು ಅಳೆದ ಹಾಗೆ ಇದನ್ನೂ ಅಳೆದನು. ತುಂಡುಗೂಲಿಯ 233 ಮಂದಿಯ ಹಿಂದಿನ ವರ್ಷದ ಗಳಿಕೆಯನ್ನೂ ಆ ವರ್ಷದ ಗಳಿಕೆಯನ್ನೂ ಹೋಲಿಸಿದಾಗ, ಒಂದು ಗಂಟೆ ಕಡಿಮೆಯಾದರೂ ದಿನದ ಉತ್ಪನ್ನ ನೂರಕ್ಕೆ ಮೂರರಷ್ಟು ಹೆಚ್ಚಿತ್ತು. ದಣಿವನ್ನು ಕಳೆದುಕೊಳ್ಳಲು ಹೊತ್ತು ಸಿಕ್ಕಿದ ಮನುಷ್ಯ ಹೆಚ್ಚು ಮಾಡುತ್ತಾನೆಂದು ಅಂಕಿಗಳೇ ಸಾರಿದವು. ನಮ್ಮ ದೇಶದಲ್ಲಿ ಕಾರ್ಖಾನೆಯ ವಾರ 54 ಗಂಟೆಗಳಿಂದ 48ಕ್ಕೆ ಇಳಿದದ್ದು 1946ರಲ್ಲಿ, ಡಾ. ಅಂಬೇಡ್ಕರ್ ಅವರು ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ.

ಅಬ್ಬೆ 1905ರ ಜನವರಿ 14ರಂದು ತೀರಿಕೊಂಡನು. ಅವನು ಹಾಕಿದ ಕಟ್ಟಳೆ ಎಲ್ಲ ಕಾಲಕ್ಕೂ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅದೇ ಹೆಸರಿನ ಕಾರ್ಖಾನೆಗಳಲ್ಲಿ ಬಲವಂತದ ದುಡಿಮೆ ನಡೆಯಿತು. ಯುದ್ಧಾನಂತರ ಸಂಸ್ಥೆ ಪೂರ್ವ ಪಶ್ಚಿಮಗಳೆಂದು ಒಡೆಯಿತು. ನನ್ನ ಲೆನ್ಸು ಪೂರ್ವ ಜರ್ಮನಿಯಲ್ಲಿ ಉಳಿದ ಪಾಲಿನದು. ಒಳ್ಳೆಯ ಗಾಜು ತಾನಾಗಿ ನ್ಯಾಯವನ್ನು ಕಾಯುವುದಿಲ್ಲ. ಅದನ್ನು ಪ್ರತಿ ತಲೆಮಾರೂ ಹೊಸದಾಗಿ ಲೆಕ್ಕ ಹಾಕಬೇಕು.

ಈ ಲೆಕ್ಕ ನಮಗೆ ದೂರದ್ದಲ್ಲ. ನಮ್ಮ ತರಗತಿಗಳ ಕೆಲವರು ಸಂಜೆಯಾದೊಡನೆ ಬಟ್ಟೆ ಅಂಗಡಿಗಳಿಗೆ ಹೋಗಿ ಬಾಗಿಲು ಹಾಕುವ ತನಕ ನಿಂತೇ ಕೆಲಸ ಮಾಡುತ್ತಾರೆ. ಅಂಗಡಿಯ ನೌಕರರಿಗೆ ಕೂರಲು ಆಸನವಿರಬೇಕೆಂದು ಕೇರಳ 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಕಾನೂನು ಮಾಡಿದವು. ನಮ್ಮ ಗೆಳೆಯರು ವಾರಕ್ಕೆ ಎಷ್ಟು ಗಂಟೆ ನಿಲ್ಲುತ್ತಾರೆ, ಯಾವಾಗ ಉಣ್ಣುತ್ತಾರೆ, ಓದಿಗೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ನಮ್ಮ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಕೇಳಿ ಬರೆದಿಟ್ಟರೆ, ಮುಂದಿನ ವರ್ಷದ ಸಂಚಿಕೆಗೆ ಅದಕ್ಕಿಂತ ಉಪಯುಕ್ತವಾದ ಲೇಖನ ಇರಲಾರದು. ಚಿತ್ರಗಳನ್ನು ನಾನು ತೆಗೆದುಕೊಡುತ್ತೇನೆ.