ಲಕ್ಷ್ಮಣರಾವ್ ಕಿರ್ಲೋಸ್ಕರ್

ಜಮಖಂಡಿ ತಾಲ್ಲೂಕಿನ ತುಬಚಿಯಿಂದ ಮುಧೋಳ, ಬೀಳಗಿಗಳವರೆಗೆ ಹಬ್ಬಿರುವ ಸೀಮೆಯಲ್ಲಿ ಎರೆಯ ನೆಲ ಹೇರಳವಾಗಿದೆ. ಮಳೆಗಾಲದಲ್ಲಿ ಈ ಮಣ್ಣು ಕಾಲಿಗೆ ಅಂಟಿಕೊಂಡು ನಡೆಯಗೊಡುವುದಿಲ್ಲ. ಬೇಸಿಗೆಯಲ್ಲಿ ಗಟ್ಟಿಯಾಗಿ ಬಾಯ್ದೆರೆಯುತ್ತದೆ. ಕರಿಕೆಯ ಬೇರು ಒಮ್ಮೆ ಆಳಕ್ಕೆ ಇಳಿಯಿತೆಂದರೆ ಅದನ್ನು ಕಿತ್ತು ತೆಗೆಯುವುದು ಸುಲಭದ ಕೆಲಸವಲ್ಲ. ಇಂಥ ಹೊಲಗಳನ್ನು ರೈತರು ತಲೆತಲಾಂತರದಿಂದ ಮರದ ರಂಟೆಯಿಂದಲೇ ಉಳುತ್ತ ಬಂದಿದ್ದರು. ಮಣ್ಣನ್ನು ಸೀಳುವ ಕುಳವೊಂದನ್ನು ಬಿಟ್ಟರೆ ಅದರ ಉಳಿದ ಭಾಗಗಳೆಲ್ಲ ಮರದವು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಳಗಾವಿಯ ಒಬ್ಬ ಸಣ್ಣ ಉದ್ಯಮಿ ಈ ಸೀಮೆಯ ರೈತರ ಮುಂದೆ ಪೂರ್ಣ ಕಬ್ಬಿಣದ ನೇಗಿಲನ್ನು ತಂದು ಇಟ್ಟರು. ಆ ನೇಗಿಲು ಮರದ ರಂಟೆಗಿಂತ ಆಳವಾಗಿ ಉಳುತ್ತಿತ್ತು. ಮಣ್ಣನ್ನು ಹೊರಳಿಸಿ ಹಾಕುತ್ತಿತ್ತು. ಆದರೂ ಎರಡು ವರ್ಷಗಳ ಕಾಲ ಅದನ್ನು ಕೊಳ್ಳುವವರು ಯಾರೂ ಬರಲಿಲ್ಲ. ಆ ಎರಡು ವರ್ಷಗಳ ಸೋಲಿನಿಂದ ಕಲಿತು ಮುಂದೆ ಭಾರತದ ಕೈಗಾರಿಕಾ ಇತಿಹಾಸದಲ್ಲಿ ಹಿರಿಯ ಸ್ಥಾನವನ್ನು ಪಡೆದ ಆ ಉದ್ಯಮಿಯೇ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರಿಗೆ ಶಾಲೆಯ ಪಾಠಗಳಲ್ಲಿ ಹೆಚ್ಚಿನ ಆಸಕ್ತಿ ಇರಲಿಲ್ಲ. ಚಿತ್ರ ಬರೆಯುವುದು, ಯಂತ್ರಗಳನ್ನು ಬಿಚ್ಚಿ ಜೋಡಿಸುವುದು ಅವರಿಗೆ ಪ್ರಿಯವಾಗಿದ್ದವು. ಚಿತ್ರಕಲೆಯನ್ನು ಕಲಿಯಲು ಮುಂಬಯಿಗೆ ಹೋಗಬೇಕೆಂಬ ಹಂಬಲ ಅವರಲ್ಲಿ ಬೆಳೆಯಿತು. ತಂದೆಗೆ ಇದು ಸಮ್ಮತವಾಗಲಿಲ್ಲ. ಆದರೆ ಅಣ್ಣನಾದ ರಾಮುವಣ್ಣನವರು ತಮ್ಮನ ಒಲವನ್ನು ಅರಿತು ಹಣದ ನೆರವು ನೀಡಿದರು. ಹೀಗೆ ಲಕ್ಷ್ಮಣರಾಯರು ಮುಂಬಯಿಯ ಪ್ರಸಿದ್ಧ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಅಲ್ಲಿ ಅವರಿಗೆ ಬಾಳಿನ ಮೊದಲನೆಯ ಸೋಲು ಎದುರಾಯಿತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ಸರಿಯಾಗಿ ತಿಳಿಯುತ್ತಿರಲಿಲ್ಲ. ಬಣ್ಣವನ್ನು ಗುರುತಿಸಲಾಗದವನು ಚಿತ್ರಕಾರನಾಗುವುದೆಂತು? ಎರಡು ವರ್ಷಗಳ ವ್ಯಾಸಂಗದ ಬಳಿಕ ಅವರು ಆ ಆಸೆಯನ್ನು ತೊರೆಯಬೇಕಾಯಿತು. ಆದರೆ ಬಣ್ಣ ಕೈಬಿಟ್ಟರೂ ರೇಖೆ ಕೈಬಿಟ್ಟಿರಲಿಲ್ಲ. ಯಂತ್ರಗಳ ನಕ್ಷೆಗೆ ಬಣ್ಣ ಬೇಕಿಲ್ಲ; ಸ್ಪಷ್ಟವಾದ ಗೆರೆ ಮತ್ತು ಖಚಿತವಾದ ಅಳತೆ ಇದ್ದರೆ ಸಾಕು. ಲಕ್ಷ್ಮಣರಾಯರು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಚಿತ್ರಣವನ್ನು ಕಲಿತರು. ಅಲ್ಲಿಯೇ ಅದರ ಅಧ್ಯಾಪಕರೂ ಆದರು. ಬಿಡುವಿನ ವೇಳೆಯನ್ನು ಸಂಸ್ಥೆಯ ಯಂತ್ರಶಾಲೆಯಲ್ಲಿ ಕಳೆದು, ಯಂತ್ರಗಳ ಒಳಗುಟ್ಟುಗಳನ್ನು ಕೈಯಾರೆ ತಿಳಿದುಕೊಂಡರು.

ಆ ದಿನಗಳಲ್ಲಿ ಸೈಕಲ್ಲು ನಮ್ಮ ದೇಶಕ್ಕೆ ಹೊಸದು. ಮುಂಬಯಿಯಲ್ಲಿ ಅದನ್ನು ಕಂಡ ಲಕ್ಷ್ಮಣರಾಯರಿಗೆ ಅದರ ವ್ಯಾಪಾರವನ್ನು ಮಾಡಬೇಕೆಂಬ ವಿಚಾರ ಹೊಳೆಯಿತು. 1888ರಲ್ಲಿ ಸಹೋದರರಿಬ್ಬರೂ ಕೂಡಿ ಬೆಳಗಾವಿಯಲ್ಲಿ ಒಂದು ಸಣ್ಣ ಸೈಕಲ್ ಅಂಗಡಿಯನ್ನು ತೆರೆದರು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ಲುಗಳನ್ನು ಕೊಂಡು ಕಳುಹಿಸುವರು. ರಾಮುವಣ್ಣನವರು ಬೆಳಗಾವಿಯಲ್ಲಿ ಅವುಗಳನ್ನು ಮಾರುವರು. ಒಂದು ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿಗಳವರೆಗೆ ಇತ್ತು. ಕೊಂಡವರಿಗೆ ಅದನ್ನು ಏರಿ ನಡೆಸುವುದು ತಿಳಿಯದು. ಆದ್ದರಿಂದ ರಾಮುವಣ್ಣನವರು 15 ರೂಪಾಯಿ ಪಡೆದು ಸವಾರಿಯನ್ನೂ ಕಲಿಸುತ್ತಿದ್ದರು. ಹೊಸ ವಸ್ತುವನ್ನು ಮಾರಿದರಷ್ಟೇ ಸಾಲದು, ಅದನ್ನು ಬಳಸುವ ಬಗೆಯನ್ನೂ ಕಲಿಸಬೇಕು ಎಂಬ ತಿಳಿವಳಿಕೆ ಈ ಪುಟ್ಟ ಅಂಗಡಿಯಲ್ಲಿ ಮೊಳೆಯಿತು. ಮುಂದೆ ನೇಗಿಲಿನ ಕಾಲಕ್ಕೆ ಆ ತಿಳಿವಳಿಕೆಗೆ ದೊಡ್ಡ ಪರೀಕ್ಷೆಯೇ ಕಾದಿತ್ತು.

ಮುಂಬಯಿಯ ಸಂಸ್ಥೆಯಲ್ಲಿ ಲಕ್ಷ್ಮಣರಾಯರು ನಿಷ್ಠೆಯಿಂದ ದುಡಿಯುತ್ತಿದ್ದರು. ಬಡ್ತಿಯ ಅವಕಾಶ ಬಂದಾಗ ಅದು ಅವರಿಗೆ ದೊರೆಯದೆ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾಯಿತು. ಅರ್ಹತೆಗೆ ಬೆಲೆಯಿಲ್ಲದ ಕಡೆ ಉಳಿಯಲು ಅವರ ಸ್ವಾಭಿಮಾನ ಒಪ್ಪಲಿಲ್ಲ. ತಿಂಗಳು ತಿಂಗಳಿಗೆ ಬರುವ ಸಂಬಳವನ್ನು ಬಿಟ್ಟು ಅವರು ಬೆಳಗಾವಿಗೆ ಮರಳಿದರು. ಸಂಸಾರಸ್ಥನಾದವನಿಗೆ ಇದು ಸಣ್ಣ ನಿರ್ಧಾರವಲ್ಲ.

ಬೆಳಗಾವಿಯಲ್ಲಿ ಅವರು ಸಣ್ಣದೊಂದು ಕಾರ್ಖಾನೆಯನ್ನು ಆರಂಭಿಸಿದರು. ಸುತ್ತಲಿನ ಹಳ್ಳಿಗಳ ಬದುಕನ್ನು ಕಣ್ಣಿಟ್ಟು ನೋಡಿದಾಗ ರೈತನ ಅಗತ್ಯಗಳೇ ತಮ್ಮ ಉದ್ಯಮಕ್ಕೆ ದಾರಿ ತೋರಬೇಕೆಂಬುದು ಅವರಿಗೆ ತಿಳಿಯಿತು. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ಬಿಟ್ಟುಬಿಡುತ್ತವೆ. ಸಣ್ಣಗೆ ಕತ್ತರಿಸಿ ಹಾಕಿದರೆ ಮೇವು ಹಾಳಾಗುವುದಿಲ್ಲ. ಆದ್ದರಿಂದ ಅವರು ಮೊದಲು ಮೇವು ಕತ್ತರಿಸುವ ಯಂತ್ರವನ್ನು ತಯಾರಿಸಿದರು. ಬಳಿಕ ಅವರ ಗಮನ ನೇಗಿಲಿನ ಕಡೆಗೆ ಹರಿಯಿತು. 1903ರಲ್ಲಿ ಅವರ ಕಾರ್ಖಾನೆಯಲ್ಲಿ ಕಬ್ಬಿಣದ ನೇಗಿಲು ಸಿದ್ಧವಾಯಿತು. ವಿದೇಶಗಳಿಂದ ಬರುತ್ತಿದ್ದ ವಸ್ತುವೊಂದನ್ನು ಬೆಳಗಾವಿಯ ಕುಲುಮೆಯಲ್ಲಿಯೇ ಎರಕ ಹೊಯ್ದು ತಯಾರಿಸಿದ್ದು ಆ ಕಾಲಕ್ಕೆ ಮಹತ್ತರವಾದ ಸಾಧನೆಯಾಗಿತ್ತು.

ಆದರೆ ಸಾಧನೆ ಬೇರೆ, ವ್ಯಾಪಾರ ಬೇರೆ. ರೈತರು ನೇಗಿಲನ್ನು ನೋಡಿದರು, ಮುಟ್ಟಿದರು, ಹಿಂದಿರುಗಿದರು. ಕಬ್ಬಿಣವು ಭೂಮಿಗೆ ವಿಷವಾಗುತ್ತದೆ, ಅದರಿಂದ ಉತ್ತ ನೆಲ ಬಂಜೆಯಾಗುತ್ತದೆ ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು. ಮೊದಲನೆಯ ನೇಗಿಲನ್ನು ಮಾರಲು ಲಕ್ಷ್ಮಣರಾಯರಿಗೆ ಎರಡು ವರ್ಷಗಳು ಹಿಡಿದವು. ಕಬ್ಬಿಣಕ್ಕೆ, ಇದ್ದಲಿಗೆ, ಕೆಲಸಗಾರರ ಕೂಲಿಗೆ ಹಣ ವೆಚ್ಚವಾಗಿದೆ, ತಯಾರಾದ ಮಾಲು ಕಣ್ಣೆದುರಿಗೇ ಬಿದ್ದಿದೆ, ಕೊಳ್ಳುವವರಿಲ್ಲ. ಸಣ್ಣ ಬಂಡವಾಳದ ಉದ್ಯಮಿಗೆ ಇದಕ್ಕಿಂತ ಕಠಿಣವಾದ ಕಾಲ ಬೇರೊಂದಿಲ್ಲ.

ಇಂಥ ಸಮಯದಲ್ಲಿ ಮನುಷ್ಯನ ಮುಂದೆ ಎರಡು ಸುಲಭದ ದಾರಿಗಳಿರುತ್ತವೆ. ಜನರಿಗೆ ತಿಳಿವಳಿಕೆಯಿಲ್ಲವೆಂದು ದೂರುವುದು ಒಂದು. ಅಂಗಡಿಗೆ ಬೀಗ ಹಾಕುವುದು ಇನ್ನೊಂದು. ಲಕ್ಷ್ಮಣರಾಯರು ಇವೆರಡನ್ನೂ ಹಿಡಿಯಲಿಲ್ಲ. ರೈತನ ಭಯವನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಆತನ ಸ್ಥಿತಿಯನ್ನು ನೆನೆಯಬೇಕು. ಅಂಗಡಿಕಾರನ ಪ್ರಯೋಗ ತಪ್ಪಿದರೆ ಒಂದು ಮಾಲು ಹಾಳಾಗುತ್ತದೆ; ರೈತನ ಪ್ರಯೋಗ ತಪ್ಪಿದರೆ ಇಡೀ ವರ್ಷದ ಅನ್ನವೇ ಹೋಗುತ್ತದೆ. ಮಳೆಯನ್ನೇ ನಂಬಿದ ಹೊಲದಲ್ಲಿ ಹೊಸತನ್ನು ಪರೀಕ್ಷಿಸಲು ಆತ ಹಿಂಜರಿಯುವುದು ಸಹಜ. ಅಂಥವನನ್ನು ವಾದದಿಂದ ಗೆಲ್ಲಲಾಗದು. ಉತ್ತ ಹೊಲವನ್ನೂ ಬಂದ ಬೆಳೆಯನ್ನೂ ಕಣ್ಣಾರೆ ಕಂಡಾಗಲೇ ಆತ ನಂಬುತ್ತಾನೆ.

ನೇಗಿಲಿನ ಗುಣಮಟ್ಟವೂ ಅಷ್ಟೇ ಮುಖ್ಯ. ಎರಕದ ಕಬ್ಬಿಣ ಮೆತ್ತಗಾದರೆ ಕುಳ ಬೇಗನೆ ಸವೆಯುತ್ತದೆ. ಅತಿ ಬಿರುಸಾದರೆ ಕಲ್ಲಿಗೆ ತಾಗಿ ಮುರಿಯುತ್ತದೆ. ಸವೆಯದ, ಮುರಿಯದ ಹದವನ್ನು ಸಾಧಿಸಲು ಮತ್ತೆ ಮತ್ತೆ ಎರಕ ಹೊಯ್ಯಬೇಕಾಗುತ್ತದೆ. ಲಕ್ಷ್ಮಣರಾಯರು ತಾಳ್ಮೆಗೆಡದೆ ಕೆಲಸವನ್ನು ಮುಂದುವರಿಸಿದರು. ಕೊನೆಗೂ ಒಂದು ದಿನ ನೇಗಿಲು ಮಾರಾಟವಾಯಿತು. ಅದು ಉತ್ತ ನೆಲ ಬಂಜೆಯಾಗಲಿಲ್ಲ. ಕೊಂಡ ರೈತನ ಹೊಲವನ್ನು ನೋಡಿ ನೆರೆಯವರ ಭಯ ಕರಗತೊಡಗಿತು. ನೇಗಿಲಿಗೆ ಬೇಡಿಕೆ ಹೆಚ್ಚಿತು.

ಉದ್ಯಮ ನೆಲೆಗೊಳ್ಳುತ್ತಿರುವಾಗಲೇ ಮತ್ತೊಂದು ಪೆಟ್ಟು ಬಿದ್ದಿತು. ಬೆಳಗಾವಿಯ ಪುರಸಭೆಯು ಹೊಸ ಬಡಾವಣೆಯೊಂದನ್ನು ನಿರ್ಮಿಸಲು ಯೋಜಿಸಿ, ಕಾರ್ಖಾನೆ ಇದ್ದ ಜಾಗವನ್ನು ತೆರವು ಮಾಡುವಂತೆ ತಿಳಿಸಿತು. ಕಷ್ಟಪಟ್ಟು ಕಟ್ಟಿದ ಕುಲುಮೆ, ಜೋಡಿಸಿದ ಯಂತ್ರಗಳು, ನಂಬಿ ಬಂದ ಕೆಲಸಗಾರರು, ಎಲ್ಲವನ್ನೂ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಆ ಹೊತ್ತಿಗೆ ಲಕ್ಷ್ಮಣರಾಯರು ಔಂಧ ಸಂಸ್ಥಾನದಲ್ಲಿ ಸಭಾಭವನವೊಂದನ್ನು ಕಟ್ಟಿಸುವ ಗುತ್ತಿಗೆಯನ್ನು ವಹಿಸಿಕೊಂಡಿದ್ದರು. ಅವರ ಪ್ರಾಮಾಣಿಕತೆಯನ್ನು ಕಂಡಿದ್ದ ಔಂಧದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಯವರು ಅವರ ಸಂಕಟವನ್ನು ತಿಳಿದು, ತಮ್ಮ ಸಂಸ್ಥಾನದಲ್ಲಿ ಜಾಗವನ್ನೂ ಸಾಲವನ್ನೂ ನೀಡಿದರು. ಒಂದು ಕೆಲಸವನ್ನು ಚೆನ್ನಾಗಿ ಮಾಡಿದವನಿಗೆ ಆ ಕೆಲಸವೇ ಆಪತ್ತಿನಲ್ಲಿ ಸಾಕ್ಷಿ ನುಡಿಯುತ್ತದೆ.

ದೊರೆತ ಜಾಗ ಕುಂಡಲ ರೋಡ್ ರೈಲು ನಿಲ್ದಾಣದ ಬಳಿಯ 32 ಎಕರೆ ಬಂಜರು ನೆಲ. ಎಲ್ಲೆಲ್ಲೂ ಪಾಪಾಸುಕಳ್ಳಿ, ಅದರ ನಡುವೆ ಹಾವುಗಳು. ಆದರೆ ಹತ್ತಿರದಲ್ಲಿಯೇ ರೈಲು ಇದ್ದುದರಿಂದ ಕಬ್ಬಿಣವನ್ನು ತರಿಸಲೂ ನೇಗಿಲುಗಳನ್ನು ಕಳುಹಿಸಲೂ ಅನುಕೂಲವಿತ್ತು. 1910ರಲ್ಲಿ ಲಕ್ಷ್ಮಣರಾಯರು 25 ಮಂದಿ ಕೆಲಸಗಾರರೊಡನೆ ಅಲ್ಲಿಗೆ ಹೋದರು. ಕಳ್ಳಿಯನ್ನು ಕಡಿದರು, ನೆಲವನ್ನು ಸಮ ಮಾಡಿದರು, ಮನೆಗಳನ್ನು ಕಟ್ಟಿದರು. ಈಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿರುವ ಆ ಊರಿಗೆ ಕಿರ್ಲೋಸ್ಕರವಾಡಿ ಎಂದು ಹೆಸರಾಯಿತು.

ವಾಡಿಯನ್ನು ಅವರು ಕೇವಲ ಕಾರ್ಖಾನೆಯ ಆವರಣವೆಂದು ಭಾವಿಸಲಿಲ್ಲ. ಅಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಅವರು ಅವಕಾಶ ಕೊಡಲಿಲ್ಲ. ರಾಮುವಣ್ಣನವರು ಊರಿನ ಆಡಳಿತವನ್ನು ನೋಡಿಕೊಂಡರು. ಶಂಭುರಾವ್ ಜಾಂಭೇಕರರು ಯಂತ್ರಗಳ ಹೊಣೆಯನ್ನೂ ಮಂಗೇಶರಾವ್ ರೇಗೆಯವರು ಲೆಕ್ಕಪತ್ರಗಳ ಹೊಣೆಯನ್ನೂ ಹೊತ್ತರು. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಅನಂತರಾವ್ ಫಳಣೀಕರರು ಇಲ್ಲಿ ಕುಶಲ ಯಂತ್ರಶಿಲ್ಪಿಯಾಗಿ ಬೆಳೆದರು. ಸೆರೆಮನೆಯ ಶಿಕ್ಷೆ ಅನುಭವಿಸಿ ಬಂದವರನ್ನು ಲಕ್ಷ್ಮಣರಾಯರು ರಾತ್ರಿಯ ಕಾವಲಿಗೆ ನೇಮಿಸಿದಾಗ ಹಲವರು ಬೆರಗಾದರು. ತಾವು ಹಲವು ಬಾರಿ ಸೋತು ಎದ್ದವರಾದ್ದರಿಂದ, ಒಮ್ಮೆ ಎಡವಿದವನಿಗೂ ಮತ್ತೊಂದು ಅವಕಾಶ ಸಲ್ಲಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಹೊರಗಿನಿಂದ ಬರುತ್ತಿದ್ದ ಕಬ್ಬಿಣ ಮತ್ತು ಕಲ್ಲಿದ್ದಲು ದುರ್ಲಭವಾದವು. ಕಾರ್ಖಾನೆ ನಿಲ್ಲುವ ಸ್ಥಿತಿ ಬಂದಾಗ ಕೊಲ್ಲಾಪುರದ ಶಾಹು ಮಹಾರಾಜರು ಉಪಯೋಗವಿಲ್ಲದೆ ಬಿದ್ದಿದ್ದ ಹಳೆಯ ಫಿರಂಗಿಗಳನ್ನು ನೀಡಿ ನೆರವಾದರು. ಒಂದು ಕಾಲಕ್ಕೆ ಯುದ್ಧಕ್ಕಾಗಿ ಎರಕಗೊಂಡ ಲೋಹ ಕುಲುಮೆಯಲ್ಲಿ ಕರಗಿ, ನೆಲವನ್ನು ಉಳುವ ನೇಗಿಲಾಯಿತು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆ ಕಂಪನಿಯಾಗಿ ನೋಂದಣಿಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣಗಳು, ನೀರೆತ್ತುವ ಪಂಪುಗಳು ಮೊದಲಾದವು ಅಲ್ಲಿ ತಯಾರಾದವು. ಅಮೆರಿಕದಲ್ಲಿ ಓದಿ ಬಂದ ಮಗ ಶಂತನುರಾಯರೂ ಮನೆತನದ ಇತರರೂ ಉದ್ಯಮವನ್ನು ವಿಸ್ತರಿಸಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಮತ್ತು ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಗೊಂಡವು. ಹೀಗೆ ಕನ್ನಡನಾಡಿನಲ್ಲಿ ಹುಟ್ಟಿದ ಉದ್ಯಮದ ಶಾಖೆಗಳು ಮತ್ತೆ ಕನ್ನಡನಾಡಿಗೂ ಚಾಚಿಕೊಂಡವು.

ಇಳಿವಯಸ್ಸಿನಲ್ಲಿಯೂ ವಿಧಿ ಅವರನ್ನು ಪರೀಕ್ಷಿಸದೆ ಬಿಡಲಿಲ್ಲ. 1948ರಲ್ಲಿ ಗಾಂಧೀಜಿಯವರ ಹತ್ಯೆಯ ನಂತರ ಭುಗಿಲೆದ್ದ ಗಲಭೆಗಳಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆ ಬೆಂಕಿಗೆ ತುತ್ತಾಯಿತು. ಕಳ್ಳಿಯ ನೆಲವನ್ನು ಊರಾಗಿ ಮಾಡಿದ ಹಿರಿಯರ ಕಣ್ಣೆದುರಿಗೇ ಅವರ ಬಾಳಿನ ದುಡಿಮೆ ಸುಟ್ಟುಹೋಯಿತು. ಆದರೆ ಅವರು ಬೆಳೆಸಿದ ಮನುಷ್ಯರು ಉಳಿದಿದ್ದರು. ಕಾರ್ಖಾನೆ ಮತ್ತೆ ಎದ್ದು ನಿಂತಿತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. 1969ರಲ್ಲಿ, ಅವರ ಜನ್ಮಶತಮಾನೋತ್ಸವದ ವರ್ಷ, ಭಾರತದ ಅಂಚೆ ಇಲಾಖೆ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು. ಬೆಳಗಾವಿಯ ಒಂದು ರಸ್ತೆ ಅವರ ಮನೆತನದ ಹೆಸರನ್ನು ಹೊತ್ತಿದೆ.

ಕೃಷ್ಣೆಯ ದಂಡೆಯ ರೈತನಿಗೆ ಒಂದು ಮಾತು ಗೊತ್ತಿದೆ: ಒಂದು ವರ್ಷ ಬೆಳೆ ಕೈಕೊಟ್ಟಿತೆಂದು ಯಾರೂ ಹೊಲವನ್ನು ಬಿಟ್ಟು ಹೋಗುವುದಿಲ್ಲ. ಬಿತ್ತಿದ್ದು ಬೇಗವಾಯಿತೇ, ತಡವಾಯಿತೇ, ಬೀಜ ಕೆಟ್ಟಿತ್ತೇ, ಉಳುಮೆ ಸಾಲಲಿಲ್ಲವೇ ಎಂದು ಯೋಚಿಸಿ ಮರುವರ್ಷ ಮತ್ತೆ ಎತ್ತು ಕಟ್ಟುತ್ತಾನೆ. ಲಕ್ಷ್ಮಣರಾಯರು ತಮ್ಮ ಅಂಗಡಿಯನ್ನೂ ಕಾರ್ಖಾನೆಯನ್ನೂ ನಡೆಸಿದ್ದು ಇದೇ ರೀತಿಯಿಂದ. ಬಣ್ಣ ಕೈಬಿಟ್ಟಾಗ ರೇಖೆಯನ್ನು ಹಿಡಿದರು. ನೇಗಿಲು ಮಾರಾಟವಾಗದಾಗ ರೈತನ ಮನಸ್ಸನ್ನು ಅರಿತರು. ನೆಲ ಕಳೆದುಕೊಂಡಾಗ ಊರನ್ನೇ ಕಟ್ಟಿದರು. ರೈತರಿಗೆ ನೇಗಿಲನ್ನು ಕೊಟ್ಟವರೆಂದು ಲೋಕ ಅವರನ್ನು ನೆನೆಯುತ್ತದೆ. ಆದರೆ ತಾಳ್ಮೆಯಿಂದ ಉಳುವುದನ್ನು ಅವರು ಕಲಿತದ್ದು ರೈತರಿಂದಲೇ.