ಸ್ಕಾಟನ ಮನೆಯ ಮೂಕ ಬಂಧುಗಳು

‘ಐವನ್‌ಹೋ’ ಓದಿದವರಿಗೆ ಸರ್ ವಾಲ್ಟರ್ ಸ್ಕಾಟನ ಹೆಸರು ಚಿರಪರಿಚಿತ. 1771ರಲ್ಲಿ ಎಡಿನ್‌ಬರೋದಲ್ಲಿ ಜನಿಸಿ, ಶೈಶವದಲ್ಲೇ ರೋಗದಿಂದ ಬಲಗಾಲು ಕುಂಟಾದ ಆತನಿಗೆ ಪ್ರಾಣಿಗಳೆಂದರೆ ಪ್ರಾಣ.

ಎಡಿನ್‌ಬರೋದ ಮನೆಯ ಓದುಕೋಣೆಯಲ್ಲಿ ಆತ ಬರೆಯಲು ಕುಳಿತನೆಂದರೆ ಮೇಡಾ ಎಂಬ ಬೃಹತ್ಕಾಯದ ಬೇಟೆನಾಯಿ ಬಳಿಯಲ್ಲೇ ಮಲಗಿರುತ್ತಿತ್ತು. ಹಿನ್ಸೆ ಎಂಬ ಬೆಕ್ಕು ಪುಸ್ತಕದ ಏಣಿಯ ತುದಿಯೇರಿ ಗಂಭೀರವಾಗಿ ನೋಡುತ್ತಿತ್ತು. ಮೇಡಾ ಹೊರಗೆ ಹೋದೊಡನೆ ಇಳಿದು ಬಂದು ಒಡೆಯನ ಕಾವಲಿಗೆ ನಿಲ್ಲುತ್ತಿತ್ತು! ನಾಯಿಗಳನ್ನೆಲ್ಲ ಗದರಿಸಿ ಆಳುತ್ತಿದ್ದ ಈ ಬೆಕ್ಕು 1826ರಲ್ಲಿ ನಿಮ್ರಾಡ್ ಎಂಬ ನಾಯಿಯ ಬಾಯಿಗೆ ತುತ್ತಾಯಿತು. ಒಡೆಯನ ವಾತ್ಸಲ್ಯ ಎಷ್ಟಿದ್ದರೇನು, ಜಾತಿವೈರವನ್ನು ಅದು ಅಳಿಸಲಾರದಷ್ಟೆ.

ಇದಕ್ಕೂ ಬಹಳ ಮೊದಲು, 1809ರಲ್ಲಿ, ಕ್ಯಾಂಪ್ ಎಂಬ ಮುದಿನಾಯಿ ಸತ್ತಿತ್ತು. ಅಂದು ಔತಣಕ್ಕೆ ಹೋಗಬೇಕಾಗಿದ್ದ ಸ್ಕಾಟ್, ಪ್ರಿಯ ಮಿತ್ರನೊಬ್ಬನ ಮರಣದಿಂದ ಬರಲಾರೆನೆಂದು ಹೇಳಿ ಕಳುಹಿಸಿದ. ಎಡಿನ್‌ಬರೋದ ಕ್ಯಾಸಲ್ ಬೀದಿಯಲ್ಲಿದ್ದ ತನ್ನ ಮನೆಯ ಹಿತ್ತಿಲಲ್ಲಿ, ತಾನು ಬರೆಯುವ ಕಿಟಕಿಯ ಎದುರಿಗೇ ಅದನ್ನು ಮಣ್ಣುಮಾಡಿಸಿದ.

ಅವನ ಪ್ರೀತಿಯ ನಿಜವಾದ ಪರೀಕ್ಷೆ ಬಂದುದು 1825ರ ಕೊನೆಗೆ. ಪ್ರಕಾಶನ ಸಂಸ್ಥೆಗಳು ಕುಸಿಯುವ ಸೂಚನೆ ದೊರೆತಾಗ ದಿನಚರಿಯಲ್ಲಿ ಅವನು ತೋಡಿಕೊಂಡ ಅಳಲುಗಳಲ್ಲಿ ನಾಯಿಗಳದೂ ಒಂದು: ತಾನು ಬರಲಾರದ ಬಾಗಿಲಲ್ಲಿ ಅವು ವ್ಯರ್ಥವಾಗಿ ಕಾಯುವುವಲ್ಲ, ಅವಕ್ಕೆ ದಯಾಳುಗಳಾದ ಒಡೆಯರನ್ನು ಹುಡುಕಬೇಕಲ್ಲ, ಎಂದು. ಮರುವರ್ಷ ಸುಮಾರು 1,20,000 ಪೌಂಡುಗಳ ಋಣ ತಲೆಗೇರಿತು. ದಿವಾಳಿಯೆನಿಸಿಕೊಳ್ಳಲೊಪ್ಪದೆ, 1832ರಲ್ಲಿ ತೀರಿಕೊಳ್ಳುವವರೆಗೂ ಅವನು ಸಾಲ ತೀರಿಸಲೆಂದೇ ಬರೆದ. ಸಾಲಿಗರು ಆಬಟ್ಸ್‌ಫರ್ಡಿನಲ್ಲಿರಲು ಬಿಟ್ಟುದರಿಂದ ಅಲ್ಲಿಯ ನಾಯಿಗಳು ಅವನ ಬಳಿಯಲ್ಲೇ ಉಳಿದುವು. ಕ್ಯಾಸಲ್ ಬೀದಿಯ ಮನೆ ಮಾತ್ರ ಕ್ಯಾಂಪಿನ ಸಮಾಧಿಯೊಡನೆ ಪರರ ಪಾಲಾಯಿತು.