‘ಚಿರಸ್ಮರಣೆ’ಯ ನಿರಂಜನ



ನಮ್ಮ ಮಕ್ಕಳಿಗೆ ‘ದಿನಕ್ಕೊಂದು ಕಥೆ’ ಬರೆದ ಡಾ. ಅನುಪಮಾ ನಿರಂಜನ ನಮಗೆಲ್ಲ ಗೊತ್ತು. ಅವರ ಪತಿ, ಕಾದಂಬರಿಕಾರ ನಿರಂಜನರ ಪರಿಚಯ ಈ ಬಾರಿ.

ನಿರಂಜನರ ನಿಜನಾಮ ಕುಳ್ಕುಂದ ಶಿವರಾಯ. 1924ರಲ್ಲಿ ದಕ್ಷಿಣ ಕನ್ನಡದಲ್ಲಿ ಹುಟ್ಟಿ, ನೀಲೇಶ್ವರದಲ್ಲಿ ಶಾಲೆ ಓದಿದರು. ಅಲ್ಲಿಗೆ ಹತ್ತಿರದ ಕಯ್ಯೂರಿನಲ್ಲಿ ಜಮೀನ್ದಾರರ ವಿರುದ್ಧ ರೈತರು ಎದ್ದಿದ್ದರು. 1941ರಲ್ಲಿ ಆ ಹೋರಾಟದ ನಡುವೆ ಪೊಲೀಸನೊಬ್ಬ ಹೊಳೆಯಲ್ಲಿ ಮುಳುಗಿ ಸತ್ತ. 1943ರ ಮಾರ್ಚ್ 29ರಂದು ನಾಲ್ವರು ರೈತ ಯುವಕರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ನಿರಂಜನರು ಕಮ್ಯುನಿಸ್ಟ್ ಚಳವಳಿಗೆ ಧುಮುಕಿದರು, ಭೂಗತರಾಗಿಯೂ ದುಡಿದರು. ಆದರೆ ಆ ನಾಲ್ವರನ್ನು ಮರೆಯಲಿಲ್ಲ. 1955ರಲ್ಲಿ ಅವರ ಕಥೆಯನ್ನು ‘ಚಿರಸ್ಮರಣೆ’ ಕಾದಂಬರಿಯಾಗಿಸಿದರು. ಮರುವರ್ಷ ಕಯ್ಯೂರು ಕೇರಳಕ್ಕೆ ಸೇರಿತು. ಗಡಿ ಬದಲಾದರೂ ಮಲಯಾಳಿ ರೈತರ ಆ ನೆನಪು ಕನ್ನಡದಲ್ಲೇ ಉಳಿಯಿತು, ಮಲಯಾಳಂಗೂ ಅನುವಾದವಾಯಿತು.

1971ರಲ್ಲಿ ಪಾರ್ಶ್ವವಾಯು ಬಡಿಯಿತು. ಅವರು ಕೆಲಸ ನಿಲ್ಲಿಸಲಿಲ್ಲ. ಪ್ರಾಚೀನ ಈಜಿಪ್ಟಿನ ಜನರ ದಂಗೆಯ ಕಥೆ ‘ಮೃತ್ಯುಂಜಯ’ ಬಂದದ್ದು ಆಮೇಲೆಯೇ. 25 ಸಂಪುಟಗಳ ‘ವಿಶ್ವ ಕಥಾ ಕೋಶ’ವನ್ನು ಸಂಪಾದಿಸಿ ನಾನಾ ದೇಶಗಳ ಕಥೆಗಳನ್ನು ಕನ್ನಡಕ್ಕೆ ತಂದರು. ಅದಕ್ಕೂ ಮೊದಲು ಕಿರಿಯರಿಗಾಗಿ 7 ಸಂಪುಟಗಳ ‘ಜ್ಞಾನಗಂಗೋತ್ರಿ’ ಕೊಟ್ಟಿದ್ದರು. 1992ರಲ್ಲಿ ನಿಧನರಾದರು.

ಅವರ ರಾಜಕೀಯ ಎಲ್ಲರಿಗೂ ಒಪ್ಪಿಗೆಯಾಗಬೇಕಿಲ್ಲ. ಆದರೆ ನೆರೆಭಾಷೆಯವರ ನೋವನ್ನೂ ನಮ್ಮ ನುಡಿಯಲ್ಲಿ ಕಾಪಿಟ್ಟ ಅವರನ್ನು ಪರನಾಡಿನಲ್ಲಿರುವ ನಾವು ಮರೆಯಬಾರದು. ಮುಂದಿನ ಸಲ ಊರಿಗೆ ಹೋದಾಗ ಸೂಟ್‌ಕೇಸಿನಲ್ಲಿ ‘ಚಿರಸ್ಮರಣೆ’ಗೂ ಒಂದಿಷ್ಟು ಜಾಗ ಇಟ್ಟುಕೊಳ್ಳೋಣ.